ಸೀನನಿಗೆ ಸ್ಯಾಂಪಲ್ ಸಾಲದು

ಕಾಫಿ ಲೋಟ ಜಾರಿ ಗೌಡ್ರ ಪಂಚೆ ಮೇಲೆ ಅರ್ಧ ಚೆಲ್ಲಿತು. ಸೀನ ಕೈ ಕೊಡವಿಕೊಂಡು, "ವೇರಿಯನ್ಸು" ಅಂದ.

"ಬೈ-ಟೂನಲ್ಲಿ ಅರ್ಧ ಚೆಲ್ಲಿದ್ರೆ ಉಳಿಯೋದು ಬೈ-ಫೋರು. ಅದಕ್ಕೂ ವೇರಿಯನ್ಸಾ?" ಅಂದ ಸುಬ್ಬಣ್ಣ.

ಈ ಪದ ಸೀನನ ಬಾಯಿಗೆ ಹತ್ತಿದ್ದು ಲಾಕ್‌ಡೌನ್‌ನಲ್ಲಿ, ಮೊಬೈಲಿನಲ್ಲಿ ನೂರು ರೂಪಾಯಿ ಪೋಕರ್ ಟೂರ್ನಮೆಂಟ್ ಶುರು ಹಚ್ಚಿಕೊಂಡಾಗ. ಎಷ್ಟು ಚೆನ್ನಾಗಿ ಆಡಿದರೂ ಅದೃಷ್ಟದ ಏರಿಳಿತಕ್ಕೆ ಫಲಿತಾಂಶ ಆಚೀಚೆ ಆಗೋದಕ್ಕೆ ಪೋಕರಿನವರು ಇಟ್ಟ ಹೆಸರು ಅದು. ಅಲ್ಲಿಂದೀಚೆಗೆ ಬಸ್ ತಪ್ಪಿದರೆ ವೇರಿಯನ್ಸು, ದೋಸೆ ಸೀದರೆ ವೇರಿಯನ್ಸು, ಅತ್ತೆ ಹೇಳದೆ ಕೇಳದೆ ಬಂದಿಳಿದರೆ ಭಾರಿ ವೇರಿಯನ್ಸು. ಗೆದ್ದರೆ ಮಾತ್ರ ಸ್ಕಿಲ್ಲು.

"ನಮ್ಮ ಕಾಲದಲ್ಲಿ ಇದಕ್ಕೆ ಹಣೆಬರಹ ಅಂತಿದ್ವಿ," ಅಂದರು ಗೌಡ್ರು ಪಂಚೆ ಒರೆಸಿಕೊಳ್ಳುತ್ತಾ.

"ಹಣೆಬರಹಕ್ಕೆ ಎಕ್ಸೆಲ್ ಶೀಟ್ ಇರಲಿಲ್ಲವಲ್ಲ ಗೌಡ್ರೇ," ಅಂದ ಸುಬ್ಬಣ್ಣ.

ಸೀನನಿಗೆ ಇಷ್ಟು ಸಾಕು. "ನಿಮಗೆಲ್ಲ ಅರ್ಥ ಆಗಲ್ಲ. ಕೈಗೆ ಎಕ್ಕದ ಜೋಡಿ ಬರೋದು 221 ಸಲಕ್ಕೆ ಒಂದು ಸಲ. ಬಂದಿತ್ತು. ಎದುರಿನವನ ಹತ್ತಿರ ರಾಜನ ಜೋಡಿ. ಇಬ್ಬರೂ ಆಲ್-ಇನ್, ಅಂದ್ರೆ ಇದ್ದಬದ್ದ ಚಿಪ್ಪೆಲ್ಲ ಪಣಕ್ಕೆ. ನೂರಕ್ಕೆ ಎಂಬತ್ತು ಸಲ ನಾನೇ ಗೆಲ್ಲಬೇಕು. ನಡುವೆ ಇಬ್ಬರಿಗೂ ಸೇರಿದ ಐದು ಎಲೆಯಲ್ಲಿ ನಾಲ್ಕು ಬಿತ್ತು, ಏನೂ ಆಗಲಿಲ್ಲ. ಕೊನೇ ಎಲೆ..."

"ಆಟೀನ್ ರಾಜ," ಅಂದೆವು ಮೂವರೂ ಒಟ್ಟಿಗೆ. ನಾಲ್ಕು ವರ್ಷದಿಂದ ವಾರಕ್ಕೊಂದು ಸಲ ಬೀಳುತ್ತಿರುವ ಎಲೆ ಅದು.

ಮೇಷ್ಟ್ರು ಟಿಶ್ಯೂ ಕಾಗದದ ಮೇಲೆ ಪೆನ್ನಾಡಿಸುತ್ತಿದ್ದರು. ಅವರಿಗೆ ರಿಟೈರ್ ಆಗಿ ಹತ್ತು ವರ್ಷವಾದರೂ ಗಣಿತ ರಿಟೈರ್ ಆಗಿಲ್ಲ. "ಟೂರ್ನಮೆಂಟಿನಲ್ಲಿ ಒಂದು ಸಲ ಎಂಬತ್ತು ಬಂದ್ರೆ ಸಾಲದು ಕಣಯ್ಯ. ಐದು ಸಲ ಆಲ್-ಇನ್ ಆಗಿ ಐದೂ ಸಲ ಉಳಿಯಬೇಕು ಅಂದ್ರೆ, ಎಂಟು ಹತ್ತಾಂಶವನ್ನ ಐದು ಸಲ ಗುಣಿಸು. 0.32768. ಮೂರರಲ್ಲಿ ಒಂದು ಸಲವೂ ಪೂರ್ತಿ ಆಗಲ್ಲ."

"ಅದನ್ನೇ ನಾನು ಹೇಳೋದು! ಎಂಟುನೂರು ಜನ ಆಡ್ತಾರೆ, ನೂರು ಜನಕ್ಕೆ ದುಡ್ಡು, ಅದರಲ್ಲೂ ತೂಕದ ದುಡ್ಡು ಮೊದಲ ಮೂರು ಜನಕ್ಕೆ. ಎಷ್ಟು ಚೆನ್ನಾಗಿ ಆಡಿದ್ರೂ ತಿಂಗಳುಗಟ್ಟಲೆ ಬರಿಗೈ."

"ಅಂದ್ರೆ ಚೆನ್ನಾಗಿ ಆಡೋನೂ ಸೋಲ್ತಾನೆ, ಕೆಟ್ಟದಾಗಿ ಆಡೋನೂ ಸೋಲ್ತಾನೆ," ಅಂದ ಸುಬ್ಬಣ್ಣ. "ವ್ಯತ್ಯಾಸ ಇಷ್ಟೇ, ಚೆನ್ನಾಗಿ ಆಡೋನು ನಮಗೆ ವಿವರಿಸ್ತಾನೆ."

ಸೀನ ಸುಮ್ಮನೆ ಆಡಿದವನಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಓದಿದ. ಎಲೆ ನೋಡೋ ಮೊದಲೇ ಸರದಿ ಮೇಲೆ ಕಟ್ಟೋ ಪಣಕ್ಕೆ ಬ್ಲೈಂಡ್ ಅಂತಾರೆ; ಹತ್ತು ಬ್ಲೈಂಡಿಗಿಂತ ಕಮ್ಮಿ ಚಿಪ್ಪು ಉಳಿದರೆ ಕಾಯುತ್ತಾ ಕೂರಬಾರದು, ಇದ್ದದ್ದೆಲ್ಲ ತಳ್ಳು ಇಲ್ಲ ಎಲೆ ಮಡಚು ಅನ್ನೋ ಚಾರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಅವನ ಹೆಂಡತಿ ಅದರ ಖಾಲಿ ಜಾಗದಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಳು. ತಿಂಗಳ ಕೊನೆಗೆ ತಾಳೆಯಾಗುತ್ತಿದ್ದದ್ದು ಹಾಲಿನ ಲೆಕ್ಕ ಒಂದೇ.

"ಬ್ಲಫ್ ಮಾಡಬಾರದು ಅಂತ ಕಲಿಯೋಕೇ ನನಗೆ ಎರಡು ವರ್ಷ ಹಿಡೀತು," ಅಂದ ಸೀನ. "ಯೂಟ್ಯೂಬಿನಲ್ಲಿ ದೊಡ್ಡ ದೊಡ್ಡ ಆಟಗಾರರು ಬರೀ ಬೆದರಿಸಿ ಗೆಲ್ತಾರೆ. ನಾನೂ ಬೆದರಿಸಿದೆ. ನೂರು ರೂಪಾಯಿ ಆಟದಲ್ಲಿ ಒಬ್ಬನೂ ಎಲೆ ಮಡಚಲ್ಲ. ಕೈಯಲ್ಲಿ ದುಗ್ಗಿ ತಿಗ್ಗಿ ಇಟ್ಕೊಂಡು ಕೊನೇ ತನಕ ಬರ್ತಾರೆ!"

"ಕೋಣನ ಮುಂದೆ ಕಿನ್ನರಿ," ಅಂದ ಸುಬ್ಬಣ್ಣ. "ನೀನು ಯೂಟ್ಯೂಬಿನಲ್ಲಿ ಕಿನ್ನರಿ ಕಲಿತು ಬಂದೆ. ಕೋಣ ಯೂಟ್ಯೂಬ್ ನೋಡಿರಲಿಲ್ಲ."

"ನಗಾಡಿ ಪರವಾಗಿಲ್ಲ. 2003ರಲ್ಲಿ ಅಮೆರಿಕದಲ್ಲಿ ಒಬ್ಬ ಅಕೌಂಟೆಂಟ್ ಹೀಗೇ ಆನ್‌ಲೈನಿನಲ್ಲಿ ಒಂದು ಸಣ್ಣ ಟೂರ್ನಮೆಂಟ್ ಗೆದ್ದು, ಆ ಟಿಕೆಟ್ಟಿನಲ್ಲಿ ಲಾಸ್ ವೇಗಸ್ಸಿಗೆ ಹೋಗಿ 25 ಲಕ್ಷ ಡಾಲರ್ ಹೊಡೆದ. ಹೆಸರು ಮನಿಮೇಕರ್."

"ಅಡ್ಡಹೆಸರಾ?"

"ಅಲ್ಲ, ಮನೆತನದ ಹೆಸರೇ ಅದು."

"ನೋಡು ಮತ್ತೆ. ನಿನಗಿಟ್ಟಿರೋದು ಶ್ರೀನಿವಾಸ ಅಂತ. ಮದುವೆಗೆ ಕುಬೇರನ ಹತ್ತಿರ ಸಾಲ ಮಾಡಿ, ಇನ್ನೂ ಬಡ್ಡಿ ಕಟ್ತಾ ಇರೋ ದೇವರ ಹೆಸರು."

ಗೌಡ್ರಿಗೆ ಯುಗಾದಿ ನೆನಪಾಯಿತು. ಮಂಡ್ಯದ ಕಡೆಯವರಿಗೆ ಇಸ್ಪೀಟು ಅಂದರೆ ಸಾಕು, ಯುಗಾದಿ ನೆನಪಾಗಲೇಬೇಕು. "ಅರಳೀಕಟ್ಟೆ ಮೇಲೆ ಅಂದರ್ ಬಾಹರ್. ನಮ್ಮಪ್ಪ ಸೋತು ಬಂದ್ರೂ ಅವ್ವ ಬಯ್ಯೋಳು, ಗೆದ್ದು ಬಂದ್ರೂ ಬಯ್ಯೋಳು."

"ವೇರಿಯನ್ಸೇ ಇರಲಿಲ್ಲ ಅನ್ನಿ."

ಸೀನ ಮೊಬೈಲ್ ತೆಗೆದು ಗ್ರಾಫ್ ತೋರಿಸಿದ. ಗೆರೆ ಆಗುಂಬೆ ಘಾಟಿಯ ಹಾಗೆ ಹತ್ತಿ ಇಳಿದು ತಿರುಗಿತ್ತು, ಹೆಚ್ಚಾಗಿ ಇಳಿದಿತ್ತು. ನಡುವೆ ಒಂದು ಕಡೆ ಮಾತ್ರ ನೆಟ್ಟಗೆ ಮಲಗಿತ್ತು.

"ಇದೇನು?"

"2021ರ ಅಕ್ಟೋಬರಿಂದ 2022ರ ಫೆಬ್ರವರಿ. ರಾಜ್ಯ ಸರ್ಕಾರ ನಿಷೇಧ ಮಾಡಿತ್ತಲ್ಲ, ಹೈಕೋರ್ಟು ರದ್ದು ಮಾಡೋ ತನಕ."

"ಸೀನ, ಇದೇ ಕಣೋ ನಿನ್ನ ಬೆಸ್ಟ್ ಫಾರ್ಮು!"

ಮೇಷ್ಟ್ರು ಫೋನ್ ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿಗೆ ತಂದುಕೊಂಡು ಕೊನೆಯ ಸಾಲು ಓದಿದರು. 2,140 ಟೂರ್ನಮೆಂಟು. ಒಟ್ಟು ನಷ್ಟ 11,300 ರೂಪಾಯಿ. "ನೂರರಲ್ಲಿ ಕಂಪನಿ ಮುರ್ಕೊಳ್ಳೋದು ಎಷ್ಟು?"

"ಹತ್ತು."

"ಹಾಗಾದ್ರೆ ಕಂಪನಿಗೇ ಹೋದದ್ದು 21,400. ನೀನು ಕಳಕೊಂಡದ್ದು 11,300. ಉಳಿದ 10,100 ಎದುರಿಗೆ ಆಡಿದವರ ಹತ್ತಿರ ನೀನು ಗೆದ್ದದ್ದು."

ಸೀನನ ಮುಖ ಅರಳಿತು. ಐದು ವರ್ಷದಲ್ಲಿ ಮನೆಯಲ್ಲಾಗಲಿ ಹೊರಗಾಗಲಿ ಯಾರೂ ಅವನಿಗೆ ಗೆದ್ದೆ ಅಂತ ಹೇಳಿರಲಿಲ್ಲ.

"ಆಟದಲ್ಲಿ ಗೆದ್ದು ಬಾಡಿಗೆಯಲ್ಲಿ ಸೋತ," ಅಂದ ಸುಬ್ಬಣ್ಣ, ಈ ಸಲ ಸ್ವಲ್ಪ ಮೆತ್ತಗೆ.

"ಇರು ಇರು," ಅಂದರು ಮೇಷ್ಟ್ರು. "ಒಂದು ಸಲ ಎರಡನೇ ಸ್ಥಾನ ಬಂದು 9,200 ಹೊಡೆದಿದ್ದೀಯ. ಅದೊಂದನ್ನ ತೆಗೆದುಬಿಟ್ರೆ ಉಳಿಯೋದು 900. ಇದು ಸ್ಕಿಲ್ಲೂ ಆಗಿರಬಹುದು, ಅದೃಷ್ಟವೂ ಆಗಿರಬಹುದು. ಹೇಳಬೇಕಾದ್ರೆ ಇನ್ನೂ ಸಾವಿರಗಟ್ಟಲೆ ಆಟ ಬೇಕು."

"ಸ್ಯಾಂಪಲ್ ಸಾಲದು," ಅಂದ ಸೀನ. ಅವನ ನಿತ್ಯದ ಮಾತೇ. ಆದರೆ ಇವತ್ತು ಅದನ್ನು ನಮಗೆ ಹೇಳಿದ ಹಾಗಿರಲಿಲ್ಲ.

ಶೀಟಿನ ಕೊನೆಯ ತಾರೀಖು 21 ಆಗಸ್ಟ್ 2025. ದುಡ್ಡಿಟ್ಟು ಆಡುವ ಆನ್‌ಲೈನ್ ಆಟವೆಲ್ಲ ಬಂದ್ ಅನ್ನೋ ಮಸೂದೆ ಎರಡು ದಿನದಲ್ಲಿ ಎರಡೂ ಸದನ ದಾಟಿಬಿಟ್ಟಿತು. ಒಳ್ಳೇದೇ ಆಯಿತು ಅಂತ ಸೀನನ ಹೆಂಡತಿ ತುಪ್ಪದ ದೀಪ ಹಚ್ಚಿದಳು. ಸಾಲಕ್ಕೆ ಸಿಕ್ಕಿ ಮನೆ ಹಾಳಾದವರ ಸುದ್ದಿ ಓದಿದ ನಾವೂ ಒಳ್ಳೇದಾಯಿತು ಅಂದೆವು. ಸೀನನೂ ಅಂದ. ಅವನ ಖಾತೆಗೆ ವಾಪಸ್ ಬಂದದ್ದು 412 ರೂಪಾಯಿ.

"ದುಡ್ಡಿನ ಮಾತಲ್ಲ ಮೇಷ್ಟ್ರೇ. ನಾನು ಚೆನ್ನಾಗಿ ಆಡ್ತಿದ್ನೋ ಇಲ್ವೋ, ಅದು ಇನ್ನು ಯಾವತ್ತೂ ಗೊತ್ತಾಗಲ್ಲ."

ಯಾರೂ ನಗಲಿಲ್ಲ. ಮೇಷ್ಟ್ರು ಟಿಶ್ಯೂ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ನಾನು ಕೆಎಎಸ್ ಮೂರು ಸಲ ಬರೆದಿದ್ದೆ. ಒಂದು ಸಲ ಎರಡೇ ಅಂಕಕ್ಕೆ ಹೋಯ್ತು," ಅಂದರು. "ಮೂರು ಸ್ಯಾಂಪಲ್ಲು."

ಗೌಡ್ರು ರಸ್ತೆ ಕಡೆ ನೋಡುತ್ತಾ ನಿಂತರು. ಸುಬ್ಬಣ್ಣ ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದ. ಎರಡನೇ ಸುತ್ತಿನ ಕಾಫಿ ಟೋಕನ್ ಯಾರು ತರಬೇಕು ಅನ್ನೋದು ನಮ್ಮಲ್ಲಿ ಟಾಸಿನ ಮೇಲೆಯೇ ತೀರ್ಮಾನ.

"ಹೆಡ್," ಅಂದ ಸೀನ.

ಟೇಲ್ ಬಿತ್ತು. ಸತತ ಐದನೇ ಶನಿವಾರ.

ಸೀನ ಬಾಯಿ ತೆರೆದ.

"ಹೇಳಬೇಡ!" ಅಂದ ಸುಬ್ಬಣ್ಣ.

"ಹೇಳ್ತಿಲ್ಲ ಮಾರಾಯ. ಚಿಲ್ಲರೆ ಇದೆಯಾ ಅಂತ ಕೇಳೋಕೆ ಬಂದೆ."