ಗುಜರಿಯಲ್ಲಿ ಸಿಕ್ಕ ಬೀಡಿನ ಪಡ್ಡು ಕಾವಲಿಗೆ ಮೈತುಂಬ ತುಕ್ಕು, ಉಳಿಸಿಕೊಳ್ಳುವುದು ಹೇಗೆ?

ಪಡ್ಡುಪ್ರಿಯೆ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಗುಜರಿ ಅಂಗಡಿಯಲ್ಲಿ ಹಳೇ ಬೀಡಿನ (ಎರಕದ ಕಬ್ಬಿಣದ) ಪಡ್ಡು ಕಾವಲಿ ಸಿಕ್ಕಿತು. ತೂಕದ ಲೆಕ್ಕದಲ್ಲಿ ಕೊಟ್ಟರು, ಹೊಸದರ ಬೆಲೆ ನೋಡಿದರೆ ಇದು ಏನೂ ಅಲ್ಲ. ಏಳು ಗುಳಿ, ಎರಡು ಕಡೆ ಕಿವಿ, ಒಳ್ಳೇ ತೂಕ ಇದೆ. ಆದರೆ ಗುಳಿಗಳ ಒಳಗೆಲ್ಲಾ ಕಿತ್ತಳೆ ಬಣ್ಣದ ತುಕ್ಕು, ಬೆರಳಿಟ್ಟರೆ ಪುಡಿ ಅಂಟುತ್ತದೆ. ತಳದಲ್ಲಿ ಹಳೇ ಜಿಡ್ಡು ಸುಟ್ಟು ಕರಕಲಾಗಿ ಪದರ ಪದರವಾಗಿ ಕೂತಿದೆ, ಚಾಕುವಿನ ತುದಿ ಹಾಕಿದರೆ ಹೆಕ್ಕಳೆ ಏಳುತ್ತದೆ.
ನಮ್ಮ ಅತ್ತೆ ಕೆಂಡದಲ್ಲಿ ಹಾಕಿ ಸುಡು, ಎಲ್ಲಾ ಉದುರುತ್ತೆ ಅಂತಾರೆ. ಮನೆಯವರು ಗ್ರೈಂಡರ್ ಹಿಡಿಸೋಣ ಅಂತಾರೆ. ನನಗೆ ಎರಡಕ್ಕೂ ಧೈರ್ಯ ಇಲ್ಲ. ಮನೆಯಲ್ಲಿ ಓವನ್ ಇಲ್ಲ, ಗ್ಯಾಸ್ ಒಲೆ ಮಾತ್ರ. ಇದನ್ನು ಅಡುಗೆಗೆ ಬಳಸಬಹುದಾ? ತುಕ್ಕು ಹೊಟ್ಟೆಗೆ ಹೋದರೆ ತೊಂದರೆ ಇಲ್ವಾ?

ಹಳೇಹಂಚು:
ಮೇಡಂ, ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ತುಕ್ಕು ಹೋಗುತ್ತದೆ, ಬಿರುಕು ಬಿಟ್ಟ ಬೀಡನ್ನು ಮನೆಯಲ್ಲಿ ಸರಿ ಮಾಡುವ ದಾರಿ ಇಲ್ಲ. ಒಂದು ಕಿವಿಗೆ ದಾರ ಕಟ್ಟಿ ಎತ್ತಿ ಹಿಡಿದು, ಮರದ ಸೌಟಿನಿಂದ ಮೆಲ್ಲಗೆ ಬಡಿಯಿರಿ. ಠಣ್ ಅಂತ ಸದ್ದು ಉದ್ದಕ್ಕೆ ನಿಂತರೆ ಒಳ್ಳೇದು. ದಬ್ ಅಂತ ಸತ್ತ ಸದ್ದು ಬಂದರೆ ಗುಳಿಗಳ ನಡುವಿನ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿ, ಕೂದಲೆಳೆಯಂಥ ಗೆರೆ ಇದ್ದರೂ ಕಾಣುತ್ತದೆ.
ಆಮೇಲೆ ಹುಣಸೆಹಣ್ಣು. ಹಳೇ ಹುಣಸೆಯನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ಕಿವುಚಿ, ನಾರು ಸಮೇತ ಗುಳಿಗಳಿಗೆ ತುಂಬಿ. ಒಂದೆರಡು ಗಂಟೆ ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿ. ನೀರು ಕಂದು ಬಣ್ಣಕ್ಕೆ ತಿರುಗಿದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಜಾಸ್ತಿ ತುಕ್ಕಿದ್ದರೆ ಇನ್ನೊಂದು ಸಲ ಮಾಡಿ. ಗುಳಿಯ ಅಡಿ ದುಂಡಗಿರುವುದರಿಂದ ಸ್ಟೀಲ್ ಸ್ಕ್ರಬ್ಬರನ್ನು ಉಂಡೆ ಮಾಡಿ ತಿರುಗಿಸಿ ತಿರುಗಿಸಿ ಉಜ್ಜಬೇಕು, ಚಪ್ಪಟೆಯಾಗಿ ಹಿಡಿದರೆ ಅಂಚು ಮಾತ್ರ ಸ್ವಚ್ಛ ಆಗುತ್ತೆ, ತಳ ಹಾಗೇ ಉಳಿಯುತ್ತೆ.
ಗ್ರೈಂಡರ್ ಖಂಡಿತ ಬೇಡ. ಹಳೇ ಕಾವಲಿಯ ಗುಳಿ ಎಷ್ಟೋ ವರ್ಷ ಬಳಸಿ ನುಣುಪಾಗಿರುತ್ತದೆ, ಅದನ್ನು ನೀವು ದುಡ್ಡು ಕೊಟ್ಟರೂ ಹೊಸ ಕಾವಲಿಯಲ್ಲಿ ಪಡೆಯೋಕಾಗಲ್ಲ. ಚಕ್ರ ತಾಗಿಸಿದರೆ ಗೀರು ಬಿದ್ದು ಹಿಟ್ಟು ಅಲ್ಲೇ ಕಚ್ಚಿಕೊಳ್ಳುತ್ತದೆ.

ಓಹಾಯೋಕನ್ನಡಿಗ:
ನಾನು ಇಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಹಳೇ ಬೀಡಿನ ಬಾಣಲೆಗಳನ್ನು ಹುಡುಕಿ ತಂದು ಸರಿ ಮಾಡುತ್ತೇನೆ. ಇದೇ ರಾಜ್ಯದ ಸಿಡ್ನಿ ಎಂಬ ಊರಿನಲ್ಲಿ 1891ರಿಂದ ವ್ಯಾಗ್ನರ್ ಬಾಣಲೆಗಳು ತಯಾರಾಗುತ್ತಿದ್ದವು, ಪಕ್ಕದ ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್ವೋಲ್ಡ್. ಎರಡನ್ನೂ ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ, ಹೆಚ್ಚಿನವು ತುಕ್ಕು ಹಿಡಿದೇ ಸಿಗುತ್ತವೆ.
ನಿಮ್ಮ ಅತ್ತೆಯವರು ಹೇಳಿದ್ದು ತಗಡಿನ ಹಂಚಿಗೆ ನಡೆಯಬಹುದು. ಬೀಡಿಗೆ ಬೇಡವೇ ಬೇಡ. ಬೀಡಿನಲ್ಲಿ ಇಂಗಾಲ ನೂರಕ್ಕೆ 2ರಿಂದ 4ರಷ್ಟು ಇರುತ್ತದೆ, ಅದಕ್ಕೇ ಅದು ಬಾಗುವುದಿಲ್ಲ, ಒಡೆಯುತ್ತದೆ. ಕೆಂಡದಲ್ಲಿ ಒಂದು ಕಡೆ ಕೆಂಪಗೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಸೀಳುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಉಳಿದುಕೊಂಡರೂ ಮೇಲ್ಮೈ ಕೆಂಪು ಕೆಂಪಾಗಿ ಆಮೇಲೆ ಎಣ್ಣೆ ಸರಿಯಾಗಿ ಹಿಡಿಯುವುದಿಲ್ಲ.
ತಳದ ಕರಕಲಿಗೆ ಹುಣಸೆ ಸಾಲದು. ಹುಳಿ ಕರಗಿಸುವುದು ತುಕ್ಕನ್ನು, ಸುಟ್ಟ ಜಿಡ್ಡನ್ನಲ್ಲ. ಜಿಡ್ಡಿಗೆ ಕಾಸ್ಟಿಕ್ ಸೋಡಾ ಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ 20 ಲೀಟರ್ ತಣ್ಣೀರಿಗೆ ಸುಮಾರು ಅರ್ಧ ಕಿಲೋ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು, ಕುದ್ದು ಮುಖಕ್ಕೆ ಚಿಮ್ಮುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಮನೆಯಲ್ಲಿ ಮಕ್ಕಳಿದ್ದರೆ ಬಕೆಟ್‌ಗೆ ಮುಚ್ಚಳ. ಅಲ್ಯೂಮಿನಿಯಂ ಏನೂ ಹತ್ತಿರ ಇರಬಾರದು. ಕೆಲವು ದಿನ ಮುಳುಗಿಸಿಟ್ಟರೂ ಬೀಡಿಗೆ ಏನೂ ಆಗುವುದಿಲ್ಲ. ಹುಳಿಯ ವಿಷಯ ಹಾಗಲ್ಲ, ತುಕ್ಕು ಮುಗಿದ ಮೇಲೆ ಅದು ಕಬ್ಬಿಣವನ್ನೇ ತಿನ್ನುತ್ತದೆ. ವಿನೆಗರ್ ಬಳಸುವವರು ಸಮಪಾಲು ನೀರು ಬೆರೆಸಿ ಅರ್ಧ ಗಂಟೆಗೊಮ್ಮೆ ಎತ್ತಿ ನೋಡಬೇಕು. ಮೊದಲು ಕರಕಲು, ಆಮೇಲೆ ತುಕ್ಕು, ಈ ಕ್ರಮದಲ್ಲೇ ಮಾಡಿ.
ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹಳೇ ಬೀಡಿನ ಪಾತ್ರೆಗಳಲ್ಲಿ ಕೆಲವರು ಸೀಸ ಕರಗಿಸಿರುತ್ತಾರೆ. ಗುಳಿಯಲ್ಲಿ ಬೂದು ಬಣ್ಣದ ಮೆತ್ತನೆ ಲೋಹ ಅಂಟಿದ್ದು, ಮೊಳೆಯಿಂದ ಗೀಚಿದರೆ ಹೊಳೆದರೆ, ಆ ಕಾವಲಿಯನ್ನು ಒಲೆ ಮೇಲೆ ಇಡಲೇಬೇಡಿ, ಎಷ್ಟೇ ಚೆನ್ನಾಗಿದ್ದರೂ ಸರಿ.

ಪಡ್ಡುಪ್ರಿಯೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸದ್ದು ಠಣ್ ಅಂತ ಬಂತು, ಬೂದು ಲೋಹ ಎಲ್ಲೂ ಇಲ್ಲ. ಕರಕಲು ಪೂರ್ತಿ ಬಿಟ್ಟಿತು, ಹುಣಸೆಯಲ್ಲಿ ಉಜ್ಜಿದ ಮೇಲೆ ಗುಳಿಗಳು ಬೆಳ್ಳಗೆ ಬೂದಿ ಬಣ್ಣಕ್ಕೆ ಬಂದವು. ತೊಳೆದು ಬಟ್ಟೆಯಲ್ಲಿ ಒರೆಸಿ ಕಿಟಕಿ ಹತ್ತಿರ ಇಟ್ಟೆ, ಸ್ವಲ್ಪ ಹೊತ್ತಿಗೇ ಮತ್ತೆ ತೆಳ್ಳಗೆ ಕಿತ್ತಳೆ ಬಣ್ಣ! ಹೀಗ್ಯಾಕೆ? ಎಣ್ಣೆ ಯಾವುದು ಹಚ್ಚಲಿ? ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ, ಅಗಸೆ ಎಣ್ಣೆ ಒಳ್ಳೇದು ಅಂತಲೂ ಎಲ್ಲೋ ಓದಿದೆ.

ಹಳೇಹಂಚು:
ಅದು ಸಹಜ, ಬರಿಮೈ ಕಬ್ಬಿಣ ಒದ್ದೆಯಿದ್ದರೆ ನೋಡನೋಡುತ್ತಾ ತುಕ್ಕು ಹಿಡಿಯುತ್ತದೆ. ಇನ್ನೊಮ್ಮೆ ಉಜ್ಜಿ, ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು ಹುಳಿ ಪೂರ್ತಿ ತೆಗೆಯಿರಿ, ಒರೆಸಿದ ತಕ್ಷಣ ಸಣ್ಣ ಉರಿಯ ಮೇಲಿಟ್ಟು ಒಣಗಿಸಿ. ಕಾವಲಿ ಬೆಚ್ಚಗಿರುವಾಗಲೇ ಎಣ್ಣೆ.
ಕೊಬ್ಬರಿ ಎಣ್ಣೆ ಗಟ್ಟಿ ಪದರ ಆಗಲ್ಲ, ಅಂಟಂಟಾಗಿ ಉಳಿಯುತ್ತೆ. ಅಗಸೆ ಎಣ್ಣೆ ಮೊದಲು ಕನ್ನಡಿಯಂತೆ ಹೊಳೆಯುತ್ತೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಸಾಕು.
ಹಚ್ಚುವ ರೀತಿಯೇ ಮುಖ್ಯ. ಎಲ್ಲಾ ಕಡೆ ಎಣ್ಣೆ ಸವರಿ, ಆಮೇಲೆ ಒಣ ಕಾಟನ್ ಬಟ್ಟೆ ತಗೊಂಡು, ಎಣ್ಣೆಯನ್ನೇ ಹಚ್ಚಿಲ್ಲವೇನೋ ಅನ್ನುವಷ್ಟು ಒರೆಸಿಬಿಡಿ. ಗುಳಿಯ ಅಡಿಯಲ್ಲಿ ಎಣ್ಣೆ ನಿಂತರೆ ಅಲ್ಲಿ ಅಂಟು ಗಂಟಾಗುತ್ತೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಆಮೇಲೆ ಉರಿ ಏರಿಸಿ ತೆಳ್ಳಗೆ ಹೊಗೆ ಬಂದು ನಿಲ್ಲುವವರೆಗೆ ಕಾಯಿರಿ. ನಡುವಿನ ಗುಳಿ ಬೇಗ ಕಪ್ಪಾಗುತ್ತೆ, ಕಿವಿ ಪಕ್ಕದವು ಹಿಂದೆ ಬೀಳುತ್ತವೆ, ಹಾಗಾಗಿ ಕಾವಲಿಯನ್ನು ಆಗಾಗ ಸರಿಸಿ ಉರಿ ಅಂಚಿಗೂ ತಾಗುವಂತೆ ಮಾಡಿ. ತಾನಾಗಿ ಆರಲಿ, ನೀರು ಸೋಕಿಸಬೇಡಿ. ಹೀಗೇ ಮೂರು ನಾಲ್ಕು ಸಲ.

ಓಹಾಯೋಕನ್ನಡಿಗ:
ಹೌದು, ಇಷ್ಟೇ. ಓವನ್ ಇರುವವರು ಕಾವಲಿಯನ್ನು ಬೋರಲು ಹಾಕಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಬಹುದು, ಎಲ್ಲಾ ಗುಳಿಗೂ ಒಂದೇ ಸಮ ಶಾಖ ಸಿಗುತ್ತದೆ. ಬಟ್ಟೆಗೆ ಸ್ವಲ್ಪ ಕಪ್ಪು ಹತ್ತಿದರೆ ಗಾಬರಿ ಬೇಡ, ಅದರಿಂದ ಏನೂ ತೊಂದರೆ ಇಲ್ಲ.

ಮಲೆನಾಡಅಡುಗೆ:
ತಡವಾಗಿ ಬಂದೆ, ಆದರೂ ಒಂದು ಮಾತು ಸೇರಿಸುತ್ತೇನೆ. ಮೊದಲ ಒಬ್ಬೆಗೆ ಈರುಳ್ಳಿ, ಟೊಮೆಟೊ ಎಲ್ಲಾ ಹಾಕಬೇಡಿ ಅಕ್ಕ. ತುಂಬಾ ಹುಳಿ ಬಂದ ಹಿಟ್ಟೂ ಬೇಡ, ಹೊಸ ಪದರವನ್ನು ಹುಳಿ ತಿಂದುಹಾಕುತ್ತದೆ. ಗುಳಿಗೆ ಎಣ್ಣೆ ಧಾರಾಳ ಬಿಟ್ಟು, ಕಾದ ಮೇಲೆ ಅರ್ಧ ಕತ್ತರಿಸಿದ ಈರುಳ್ಳಿಯಿಂದ ಒಮ್ಮೆ ಉಜ್ಜಿ ಹಿಟ್ಟು ಹಾಕಿ. ಮೊದಲ ಪಡ್ಡು ಅಂಟಿದರೆ ಕಡ್ಡಿಯಿಂದ ಕೆರೆಯಬೇಡಿ, ಇನ್ನೂ ಒಂದು ನಿಮಿಷ ಬಿಡಿ, ತಳ ಕೆಂಪಾದರೆ ತಾನೇ ಬಿಡುತ್ತದೆ. ಒಂದೆರಡು ಒಬ್ಬೆ ಹಾಳಾಗಬಹುದು, ಕಾವಲಿ ಪಳಗುವುದೇ ಹಾಗೆ. ತೊಳೆದ ಮೇಲೆ ಒಲೆ ಮೇಲಿಟ್ಟು ಒಣಗಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ, ಮಳೆಗಾಲದಲ್ಲಿ ಹಳೇ ಪೇಪರ್ ಸುತ್ತಿ ಇಡಿ. ನಮ್ಮ ಕಡೆಯ ತೇವಕ್ಕೆ ಪೇಪರ್ ಇಲ್ಲದೆ ಆಗುವುದೇ ಇಲ್ಲ.