ಹೈಸ್ಕೂಲ್ ಮಕ್ಕಳಿಗೆ ಫೋಟೋ ಎಡಿಟಿಂಗ್: ಫಿಲ್ಟರ್ ಬಿಟ್ಟು ಬೇರೇನು ಮಾಡಿಸಬಹುದು?

ಪ್ರಶ್ನೆ

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಈ ಸಲ ಡಿಜಿಟಲ್ ಆರ್ಟ್ ಮಾಡಿಸಬೇಕು ಅಂತ ತುಂಬಾ ಆಸೆ ಇದೆ. ಆದರೆ ಮಕ್ಕಳಿಗೆ ಎಡಿಟಿಂಗ್ ಅಂದರೆ ಫೋನಿನಲ್ಲಿ ಒಂದು ಫಿಲ್ಟರ್ ಒತ್ತುವುದು, ಮುಖ ಬೆಳ್ಳಗೆ ಮಾಡುವುದು, ಅಷ್ಟೇ. ಎರಡು ನಿಮಿಷದಲ್ಲಿ "ಆಯ್ತು ಮಿಸ್" ಅಂತಾರೆ. ಅವರೇ ಯೋಚಿಸಿ, ಒಂದೆರಡು ವಾರ ಕೂತು ಮಾಡುವಂಥದ್ದು ಏನಾದರೂ ಇದೆಯಾ? ಕಂಪ್ಯೂಟರ್‌ಗಳು ಹಳೆಯವು, ಮೂವರಿಗೆ ಒಂದು. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಹಾಗಿಲ್ಲ.

ಉತ್ತರ 1

ಮೇಡಂ, ಮೊದಲು ಇದನ್ನು ಮಾಡಿಸಿ: ಒಂದೇ ಫೋಟೋದಲ್ಲಿ ಒಬ್ಬರೇ ನಾಲ್ಕು ಕಡೆ ಇರಬೇಕು. ಒಬ್ಬ ಹುಡುಗಿ ಬೋರ್ಡ್ ಮೇಲೆ ಬರೆಯುತ್ತಿದ್ದಾಳೆ, ಅವಳೇ ಬೆಂಚಿನಲ್ಲಿ ಕೂತು ಕೇಳುತ್ತಿದ್ದಾಳೆ, ಅವಳೇ ಕಿಟಕಿ ಹತ್ತಿರ ನಿದ್ದೆ ಮಾಡುತ್ತಿದ್ದಾಳೆ, ಹೀಗೆ. ಸ್ಟ್ಯಾಂಡ್ ಇಲ್ಲದಿದ್ದರೆ ಪುಸ್ತಕಗಳ ಮಧ್ಯೆ ಫೋನ್ ನಿಲ್ಲಿಸಿ, ಆದರೆ ಅದು ಒಂದಿಷ್ಟೂ ಅಲುಗಬಾರದು. ಪರದೆ ಮೇಲೆ ಬೆರಳು ಒತ್ತಿ ಹಿಡಿದರೆ ಎಷ್ಟೋ ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಅದನ್ನು ಮರೆತರೆ ನಾಲ್ಕು ಫೋಟೋಗಳ ಬಣ್ಣ ನಾಲ್ಕು ಥರ ಬರುತ್ತದೆ, ಆಮೇಲೆ ಕೂಡಿಸುವುದು ಕಷ್ಟ.

ಫೋಟೋಗಳನ್ನು ಲೇಯರ್‌ಗಳಾಗಿ ಒಂದರ ಮೇಲೊಂದು ಇಟ್ಟು, ಲೇಯರ್ ಮಾಸ್ಕ್ (ಲೇಯರ್‌ನ ಯಾವ ಭಾಗ ಕಾಣಬೇಕು, ಯಾವುದು ಬೇಡ ಅಂತ ಹೇಳುವ ಮುಸುಕು) ಹಾಕಿಸಿ. ಕಪ್ಪು ಬಳಿದಲ್ಲಿ ಆ ಲೇಯರ್ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಕಾಣುತ್ತದೆ. ಎರೇಸರ್ ಮುಟ್ಟಲು ಬಿಡಲೇಬೇಡಿ. ಅಳಿಸಿ ಫೈಲ್ ಮುಚ್ಚಿದರೆ ಹೋದದ್ದು ಹೋಯಿತು, ಮಾಸ್ಕ್‌ನಲ್ಲಿ ಯಾವಾಗ ಬೇಕಾದರೂ ತಿದ್ದಬಹುದು. ತಪ್ಪಾದರೂ ಪರವಾಗಿಲ್ಲ ಅಂತ ಗೊತ್ತಾದ ಮೇಲೆ ಮಕ್ಕಳು ಧೈರ್ಯವಾಗಿ ಕೈ ಹಾಕುತ್ತಾರೆ, ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ನೆರಳು ಎಲ್ಲಿ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಲು ಹೇಳಿ. ಆಸ್ಕರ್ ರೈಲಾಂಡರ್ ಅನ್ನುವ ಫೋಟೋಗ್ರಾಫರ್ 1857ರಲ್ಲೇ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ್ದರು. ಅದನ್ನು ತೋರಿಸಿದರೆ ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ ಅಂತ ಅವರಿಗೇ ತಿಳಿಯುತ್ತದೆ.

ಉತ್ತರ 2

ಮೂವರಿಗೆ ಒಂದು ಕಂಪ್ಯೂಟರ್ ಅಂದಿರಲ್ಲ, ಹಾಗಾದರೆ ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ 1980ರ ದಶಕದಲ್ಲಿ ಮಾಡಿದ ಫೋಟೋ ಜೋಡಣೆ ನೋಡಿ. ಒಂದು ಕುರ್ಚಿಯನ್ನೋ, ಗೆಳೆಯನನ್ನೋ ತುಂಡು ತುಂಡಾಗಿ ಮೂವತ್ತು ನಲವತ್ತು ಫೋಟೋ ತೆಗೆಯುವುದು, ಆಮೇಲೆ ಎಲ್ಲ ಜೋಡಿಸುವುದು. ಅಂಚು ಸರಿಯಾಗಿ ಕೂಡಬೇಕಾಗಿಲ್ಲ, ಕೂಡದಿದ್ದರೇ ಚೆಂದ. ಕಂಪ್ಯೂಟರ್ ಸಿಗದ ಗುಂಪು ಪ್ರಿಂಟ್ ತೆಗೆದು, ಕತ್ತರಿಸಿ, ಅಂಟಿಸಿಯೂ ಮಾಡಬಹುದು.

ಉತ್ತರ 3

ಸಾಫ್ಟ್‌ವೇರ್‌ಗೆ ಗಿಂಪ್ ಸಾಕು, ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡಲು ಆಗದಿದ್ದರೆ ಫೋಟೋಪಿಯಾ ಬ್ರೌಸರ್‌ನಲ್ಲೇ ನಡೆಯುತ್ತದೆ. ಕೈಯಲ್ಲಿ ಬಿಡಿಸುವ ಆಸೆ ಇರುವವರಿಗೆ ಕ್ರಿತಾ. ಹಳೆಯ ಕಂಪ್ಯೂಟರ್ ನಿಧಾನವಾದರೆ ಫೋಟೋದ ಉದ್ದದ ಬದಿಯನ್ನು ಮೊದಲೇ 1500 ಪಿಕ್ಸೆಲ್‌ಗೆ ಇಳಿಸಿ. ಎ4 ಹಾಳೆಯಲ್ಲಿ ಚೆನ್ನಾಗಿ ಪ್ರಿಂಟ್ ಬೇಕೆಂದರೆ ಮಾತ್ರ ಸುಮಾರು 2480×3508 ಬೇಕು. ಇನ್ನೊಂದು ವಿಷಯ: ಬರೀ ಜೆಪೆಗ್ (ಸಾಮಾನ್ಯ ಫೋಟೋ ಫೈಲ್) ಆಗಿ ಉಳಿಸಿದರೆ ಲೇಯರ್ ಎಲ್ಲ ಒಂದಾಗಿಬಿಡುತ್ತವೆ. ನನ್ನ ತಂಗಿ ಒಂದು ವಾರದ ಕೆಲಸ ಹೀಗೇ ಕಳೆದುಕೊಂಡು ಅತ್ತಿದ್ದಳು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯ್ತು. ನೆಟ್‌ನಿಂದ ಚಿತ್ರ ತಂದರೆ ಬಿಡಬಹುದಾ? ಅಂಕ ಹೇಗೆ ಕೊಡುವುದು?

ಉತ್ತರ 1

ಮೊದಲ ಪ್ರಾಜೆಕ್ಟ್‌ಗೆ ಬೇಡ. ತಾವೇ ತೆಗೆದ ಫೋಟೋ ಆದರೆ ಬೆಳಕು, ಕೋನ ಎಲ್ಲ ಅವರೇ ಯೋಚಿಸಬೇಕಾಗುತ್ತದೆ, ಅಲ್ವಾ? ಮುಂದೆ ಬೇಕಾದರೆ ಸಿಸಿ0 (ಯಾರು ಬೇಕಾದರೂ ಬಳಸಬಹುದು ಅಂತ ಮಾಡಿದವರೇ ಬಿಟ್ಟುಕೊಟ್ಟದ್ದು) ಅಂತ ಗುರುತು ಇರುವ ಚಿತ್ರಗಳನ್ನು ಬಳಸಲಿ. ಗೆಳೆಯರ ಮುಖ ಬಳಸುವ ಮುಂಚೆ ಅವರನ್ನು ಕೇಳಲೇಬೇಕು, ಇದರಲ್ಲಿ ಮಾತ್ರ ಸಡಿಲ ಬಿಡಬೇಡಿ. ಅಂಕಕ್ಕೆ ಲೇಯರ್ ಇರುವ ಫೈಲ್ ತರಿಸಿಕೊಳ್ಳಿ, ಜೊತೆಗೆ ಮೂಲ ಫೋಟೋಗಳು, ಮತ್ತೆ ಯಾಕೆ ಹೀಗೆ ಮಾಡಿದೆ ಅಂತ ನಾಲ್ಕು ಸಾಲು. ಲೇಯರ್ ತೆರೆದು ನೋಡಿದರೆ ಯಾರು ಎಷ್ಟು ಹೊತ್ತು ಕೂತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ.