ಹೆಕ್ಸೋಕೈನೇಸ್-2 ಆ್ಯಂಟಿಬಾಡಿ: ಮೌಸ್ ಲಿವರ್‌ನಲ್ಲಿ 102ಕ್ಕೆ ಬ್ಯಾಂಡ್ ಇಲ್ಲ, 50ರ ಬಳಿ ದಪ್ಪ ಬ್ಯಾಂಡ್

ಜೆಲ್‌ಬಾಕ್ಸ್: ಮೌಸ್ ಲಿವರ್ ಲೈಸೇಟ್‌ನಲ್ಲಿ (ಕೋಶ ಒಡೆದು ತೆಗೆದ ದ್ರಾವಣ) ಹೆಕ್ಸೋಕೈನೇಸ್-2 (ಗ್ಲುಕೋಸ್‌ಗೆ ಫಾಸ್ಫೇಟ್ ಸೇರಿಸುವ ಎಂಜೈಮ್, 102 ಕಿಲೋಡಾಲ್ಟನ್) ನೋಡಲು ವೆಸ್ಟರ್ನ್ ಬ್ಲಾಟ್ (ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿದ ಪ್ರೋಟೀನನ್ನು ಮೆಂಬ್ರೇನ್‌ಗೆ ಸಾಗಿಸಿ ಆ್ಯಂಟಿಬಾಡಿಯಿಂದ ಗುರುತಿಸುವ ವಿಧಾನ) ಹಾಕಿದ್ದೇವೆ. ಲೇನ್‌ಗೆ 30 ಮೈಕ್ರೋಗ್ರಾಂ ಪ್ರೋಟೀನ್, 10% ಜೆಲ್. ಪ್ರೈಮರಿ (ಹೆಕ್ಸೋಕೈನೇಸ್-2ಕ್ಕೆ ಅಂಟುವ ಆ್ಯಂಟಿಬಾಡಿ) ಮೌಸ್ ಮಾನೋಕ್ಲೋನಲ್, 1:1000, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಸೆಕೆಂಡರಿ (ಪ್ರೈಮರಿಗೆ ಅಂಟುವ ಆ್ಯಂಟಿಬಾಡಿ) ಆ್ಯಂಟಿ-ಮೌಸ್ ಎಚ್‌ಆರ್‌ಪಿ (ಸಿಗ್ನಲ್ ಕೊಡುವ ಎಂಜೈಮ್ ಜೋಡಿಸಿದ್ದು), 1:5000. ಲಿವರ್ ಲೇನ್‌ನಲ್ಲಿ 102 ಕಿಲೋಡಾಲ್ಟನ್ ಹತ್ತಿರ ಏನೂ ಇಲ್ಲ, 50ರ ಬಳಿ ದಪ್ಪ ಬ್ಯಾಂಡ್. ಅದೇ ಮೆಂಬ್ರೇನ್‌ನ ಹೆಪ್‌ಜಿ2 ಲೇನ್‌ನಲ್ಲಿ 102 ಚೆನ್ನಾಗಿ ಬಂದಿದೆ. ಆ್ಯಂಟಿಬಾಡಿ ಮೌಸ್‌ಗೆ ಹಿಡಿಯುತ್ತಿಲ್ಲವೇ? 50ರದ್ದನ್ನು ಗ್ಲುಕೋಕೈನೇಸ್ ಅಂತ ತೆಗೆದುಕೊಳ್ಳಬಹುದೇ?

ಲೈಸೇಟ್: ಆ್ಯಂಟಿಬಾಡಿಯನ್ನು ಈಗಲೇ ದೂರಬೇಡಿ. ಆರೋಗ್ಯವಂತ ಲಿವರ್ ಕೋಶದಲ್ಲಿ ಗ್ಲುಕೋಸ್‌ಗೆ ಫಾಸ್ಫೇಟ್ ಸೇರಿಸುವ ಕೆಲಸ ಮುಖ್ಯವಾಗಿ ಗ್ಲುಕೋಕೈನೇಸ್‌ನದು. ಹೆಕ್ಸೋಕೈನೇಸ್-2 ಅಲ್ಲಿ ತೀರಾ ಕಡಿಮೆ. ಹೆಪ್‌ಜಿ2 ಲಿವರ್ ಕ್ಯಾನ್ಸರ್ ಕೋಶ, ಅದರಲ್ಲಿ ಹೆಕ್ಸೋಕೈನೇಸ್-2 ಏರಿರುತ್ತದೆ. ಆದರೆ ಅದು ಮನುಷ್ಯರದ್ದು, ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದೇ ಮೌಸ್‌ನ ತೊಡೆಯ ಸ್ನಾಯು ಅಥವಾ ಹೃದಯದ ಲೈಸೇಟನ್ನು ಪಕ್ಕದ ಲೇನ್‌ಗೆ ಹಾಕಿ. ಅಲ್ಲಿ 102 ಬಂದರೆ ಆ್ಯಂಟಿಬಾಡಿ ಸರಿಯಿದೆ.

50ರ ಬ್ಯಾಂಡ್ ಬಗ್ಗೆ ನನಗೆ ಹೆಚ್ಚು ಅನುಮಾನ. ಲಿವರ್ ತುಂಬಾ ರಕ್ತ, ರಕ್ತದ ತುಂಬಾ ಐಜಿಜಿ (ಮೌಸ್‌ನದೇ ಆ್ಯಂಟಿಬಾಡಿ). ನಿಮ್ಮ ಸೆಕೆಂಡರಿ ಅದರ ಹೆವಿ ಚೈನ್ ಅನ್ನು 50ಕ್ಕೂ, ಲೈಟ್ ಚೈನ್ ಅನ್ನು 25ಕ್ಕೂ ತೋರಿಸುತ್ತದೆ. ಗ್ಲುಕೋಕೈನೇಸ್ ಕೂಡ ಸುಮಾರು 52, ಗಾತ್ರ ನೋಡಿ ಬೇರ್ಪಡಿಸಲಾಗದು. ಮೆಂಬ್ರೇನ್‌ನ ಒಂದು ಪಟ್ಟಿಗೆ ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ. ಬ್ಯಾಂಡ್ ಆಗಲೂ ಬಂದರೆ ಅದು ಐಜಿಜಿ. ಪರಿಹಾರ: ಲಿವರ್ ತೆಗೆಯುವ ಮೊದಲು ತಣ್ಣನೆಯ ಪಿಬಿಎಸ್‌ನಿಂದ (ಉಪ್ಪಿನ ಬಫರ್) ಪರ್ಫ್ಯೂಸ್ ಮಾಡಿ, ಅಂದರೆ ರಕ್ತನಾಳದ ಮೂಲಕ ಹರಿಸಿ ರಕ್ತ ತೊಳೆಯಿರಿ, ಸಾಧ್ಯವಾದರೆ ರ್‍ಯಾಬಿಟ್ ಪ್ರೈಮರಿಗೆ ಬದಲಿಸಿ (ಸೆಕೆಂಡರಿಯೂ ಅದಕ್ಕೆ ತಕ್ಕದ್ದಾಗಬೇಕು). ಇದ್ದ ಪ್ರೈಮರಿಯನ್ನೇ ಬಳಸಬೇಕಿದ್ದರೆ ಲೈಟ್ ಚೈನ್ ಮಾತ್ರ ಹಿಡಿಯುವ ಸೆಕೆಂಡರಿ ತನ್ನಿ, 50ರ ಜಾಗ ಖಾಲಿಯಾಗುತ್ತದೆ.

ಪೊನ್ಸೊ: ಸ್ನಾಯುವಿನಲ್ಲೂ 102 ಬರದಿದ್ದರೆ ಲೈಸಿಸ್ (ಕೋಶ ಒಡೆಯುವ ಹಂತ) ನೋಡಿ. ಹೆಕ್ಸೋಕೈನೇಸ್-2ರ ಬಹುಪಾಲು ಮೈಟೋಕಾಂಡ್ರಿಯಾದ ಹೊರಪೊರೆಗೆ ಅಂಟಿಕೊಂಡಿರುತ್ತದೆ. ಡಿಟರ್ಜೆಂಟ್ ಇಲ್ಲದ ಬಫರ್‌ನಲ್ಲಿ ಅರೆದು 10,000 ಜಿಗೆ ಸ್ಪಿನ್ ಮಾಡಿದರೆ ನಿಮಗೆ ಬೇಕಾದ ಎಂಜೈಮ್ ಪೆಲ್ಲೆಟ್‌ನಲ್ಲಿ ಕೂತುಬಿಡುತ್ತದೆ, ನೀವು ಸೂಪರ್ನೇಟೆಂಟ್ ಓಡಿಸುತ್ತಿರುತ್ತೀರಿ. ಆರ್‌ಐಪಿಎ ಎಂಬ ಡಿಟರ್ಜೆಂಟ್ ಬಫರ್ (1% ಎನ್‌ಪಿ-40, 0.5% ಡಿಆಕ್ಸಿಕೋಲೇಟ್, 0.1% ಎಸ್‌ಡಿಎಸ್) ಬಳಸಿ, ಪ್ರೋಟಿಯೇಸ್ ಇನ್ಹಿಬಿಟರ್ ಸೇರಿಸಿ, ಐಸ್ ಮೇಲೆ 30 ನಿಮಿಷ ಬಿಡಿ. ಪೆಲ್ಲೆಟ್ ಎಸೆಯಬೇಡಿ, ಸ್ಯಾಂಪಲ್ ಬಫರ್‌ನಲ್ಲಿ ಕುದಿಸಿ ಒಂದು ಲೇನ್‌ಗೆ ಹಾಕಿ.

8% ಜೆಲ್ ಒಳ್ಳೆಯದು. ವೆಟ್ ಟ್ರಾನ್ಸ್‌ಫರ್, 100 ವೋಲ್ಟ್, 90 ನಿಮಿಷ, ಐಸ್ ಪ್ಯಾಕ್ ಇಟ್ಟು. ಮೆಥನಾಲ್ 20%ರ ಬದಲು 10%ಕ್ಕೆ ಇಳಿಸಿದರೆ ದೊಡ್ಡ ಪ್ರೋಟೀನ್ ಸುಲಭವಾಗಿ ಜೆಲ್ ಬಿಡುತ್ತದೆ. ಎಚ್‌ಆರ್‌ಪಿ ಇರುವ ಯಾವ ಹಂತದಲ್ಲೂ ಸೋಡಿಯಂ ಅಜೈಡ್ ಬೇಡ, ಸಿಗ್ನಲ್ ಸಾಯುತ್ತದೆ.

ಜೆಲ್‌ಬಾಕ್ಸ್: ಧನ್ಯವಾದ. ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಬಿದ್ದಿದೆಯೇ ನೋಡಲು) ಜಿಎಪಿಡಿಎಚ್ ಇಟ್ಟುಕೊಳ್ಳಲೇ?

ಪೊನ್ಸೊ: ಬೇಡ. ಅದೂ ಗ್ಲೈಕೋಲಿಸಿಸ್‌ನದೇ ಎಂಜೈಮ್. ಸ್ನಾಯು, ಲಿವರ್ ನಡುವೆ ಪ್ರಮಾಣ ಬಹಳ ಬೇರೆ. ಇನ್ಸುಲಿನ್, ಹೈಪಾಕ್ಸಿಯಾಗೂ ಬದಲಾಗುತ್ತದೆ. ಬ್ಲಾಕ್ ಮಾಡುವ ಮೊದಲು ಪೊನ್ಸೊ ಎಸ್ (ಎಲ್ಲ ಪ್ರೋಟೀನ್‌ಗೂ ಹತ್ತುವ ಬಣ್ಣ) ಹಾಕಿ ಇಡೀ ಲೇನ್‌ನ ಫೋಟೊ ತೆಗೆದು ಅದಕ್ಕೇ ನಾರ್ಮಲೈಸ್ ಮಾಡಿ.

ಲೈಸೇಟ್: ಗ್ಲುಕೋಕೈನೇಸ್ ನಿಜವಾಗಿ ಬೇಕಿದ್ದರೆ ಅದರದೇ ರ್‍ಯಾಬಿಟ್ ಆ್ಯಂಟಿಬಾಡಿ ತನ್ನಿ. ಲಿವರ್‌ನಲ್ಲಿ ಅದನ್ನು ಏರಿಸುವುದು ಇನ್ಸುಲಿನ್. ಉಪವಾಸವಿಟ್ಟ ಮೌಸ್ ಒಂದು ಲೇನ್, ಉಪವಾಸದ ನಂತರ ಮತ್ತೆ ಉಣಿಸಿದ್ದು ಇನ್ನೊಂದು ಲೇನ್. ಎರಡರಲ್ಲೂ 50ರ ಬ್ಯಾಂಡ್ ಒಂದೇ ದಪ್ಪವಿದ್ದರೆ ಅದನ್ನು ಗ್ಲುಕೋಕೈನೇಸ್ ಎಂದು ನಂಬಬೇಡಿ.